ಬಳೆಗಾರನ ಮುಂದಿನ ಬ್ರೇಕು

ಮಾನ್ವಿಯ ಮಹಮ್ಮದ್ ಹುಸೇನ್ ಬ್ರೇಕು ಹಿಡಿದರೆ ಪೆಟ್ಟಿಗೆಯೊಳಗಿನ ಬಳೆ ಸದ್ದು ಮಾಡುತ್ತಿರಲಿಲ್ಲ. ಇದನ್ನು ಅವನ ಹೆಂಡತಿ ಕುಬ್ರಾ ಬೇಗಂಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಮದುವೆಯಾದಾಗಿನಿಂದ ಅವನ ಹಿಂದೆ ಕೂತು ಊರೂರು ತಿರುಗಿದವಳು ಆಕೆ. ಮೊದಲು ಸೈಕಲ್ಲಿನ ಕ್ಯಾರಿಯರ್ ಮೇಲೆ, ಆಮೇಲೆ ಮೊಪೆಡ್ಡಿನ ಮೇಲೆ, ಈಗ ಕೆಲವು ವರ್ಷಗಳಿಂದ ಈ ಉದ್ದನೆಯ ಬೈಕಿನ ಮೇಲೆ. ಗಂಡ ಬಳೆ ತಂದು ಹೊತ್ತು ತಿರುಗುವವನು, ಹೆಂಡತಿ ಹೆಂಗಸರ ಕೈಗೆ ಬಳೆ ಏರಿಸುವವಳು. ಮನೆಯೊಳಗೆ ಇಬ್ಬರದೂ ದಖ್ಖನಿ ಮಾತು. ಗಾಡಿ ಹತ್ತಿದರೆ ಮಾತ್ರ, ಒಬ್ಬರಿಗೊಬ್ಬರು ಆಡುವುದೂ ಕನ್ನಡವೇ. ಅದು ವ್ಯಾಪಾರದ ಭಾಷೆ, ದಾರಿಯ ಭಾಷೆ.

ಆ ಬೈಕನ್ನು ಮಾರಿದವರು ಕ್ರೂಸರ್ ಅಂದಿದ್ದರು. ಆದರೆ ಈ ಕಡೆ ಕ್ರೂಸರ್ ಅಂದರೆ ಕೂಲಿಯಾಳುಗಳನ್ನು ಒಳಗೂ ಮೇಲೂ ತುಂಬಿಕೊಂಡು ಹೋಗುವ ಜೀಪು. ಹಾಗಾಗಿ ಹಳ್ಳಿಯ ಜನ ಇದಕ್ಕೆ ತಮ್ಮದೇ ಹೆಸರಿಟ್ಟು ಆರಾಮಕುರ್ಚಿ ಗಾಡಿ ಎಂದರು. ಹೆಸರು ಸುಳ್ಳಲ್ಲ. ಸೀಟು ನೆಲಕ್ಕೆ ಹತ್ತಿರ, ಹ್ಯಾಂಡಲ್ಲು ಅಗಲ, ಕಾಲು ಮುಂದಕ್ಕೆ ಚಾಚಿ ಕೂರಬೇಕು. ಕುಬ್ರಾಳ ಮೊಣಕಾಲು ಹಿಡಿದುಕೊಂಡ ಮೇಲೆ ಎತ್ತರದ ಬೈಕು ಹತ್ತುವುದು ಆಗದೆ, ಹುಸೇನ್ ಸಾಬ್ ಹುಡುಕಿ ಹುಡುಕಿ ತಂದ ಗಾಡಿ ಇದು. ಆಕೆ ಓಣಿಯ ಕಟ್ಟೆಯ ಮೇಲೆ ಕೂತಷ್ಟೇ ಸಲೀಸಾಗಿ ಅದರ ಮೇಲೆ ಕೂರುತ್ತಿದ್ದಳು.

ಬಳೆಗಾರರ ಓಣಿಯಲ್ಲಿ ಒಂದು ಕಟ್ಟಳೆ ಇತ್ತು. ಗಾಜು ಹೇರಿದ ಗಾಡಿಗೆ ಮುಂದಿನ ಬ್ರೇಕು ಮುಟ್ಟಬಾರದು. ಹುಸೇನ್ ಸಾಬನ ತಂದೆ ಒಮ್ಮೆ ಪಂಚಮಿ ಹಬ್ಬದ ಮುಂದೆ ಸೈಕಲ್ಲಿಗೆ ಹಗ್ಗಕ್ಕೆ ಪೋಣಿಸಿದ ಬಳೆಯ ಮಲಾರ ಕಟ್ಟಿಕೊಂಡು ಚೀಕಲಪರ್ವಿಯ ಹೊಳೆಯ ಇಳಿಜಾರಿನಲ್ಲಿ ಇಳಿಯುತ್ತಿದ್ದ. ಅಡ್ಡ ಬಂದ ನಾಯಿಗೆ ಹೆದರಿ ಮುಂದಿನ ಬ್ರೇಕು ಗಪ್ಪನೆ ಹಿಡಿದ. ಸೈಕಲ್ಲು ಅವನ ತಲೆಯ ಮೇಲಿಂದ ಹಾದು ಮುಂದೆ ಬಿತ್ತು. ಹಬ್ಬದ ಬಳೆಯೆಲ್ಲ ಹೊಳೆದಂಡೆಯ ಮರಳಿನಲ್ಲಿ ಹಸಿರು ಕೆಂಪು ಚೂರಾಗಿ ಚೆಲ್ಲಿತು. ಅಂದಿನಿಂದ ಆ ಓಣಿಯ ಮಕ್ಕಳಿಗೆ ಸೈಕಲ್ಲು ಕಲಿಸುವ ಮೊದಲೇ ಈ ಮಾತು ಕಲಿಸುತ್ತಿದ್ದರು. ಹುಸೇನ್ ಸಾಬ್ ಆರಾಮಕುರ್ಚಿಯ ಬಲಗೈ ಬ್ರೇಕನ್ನು ಒಮ್ಮೆಯೂ ಹಿಂಡಿದವನಲ್ಲ. ಮುಂದಿನ ಗಾಲಿಯ ಡಿಸ್ಕು ಥಳಥಳ ಹೊಳೆಯುವ ಬದಲು ತುಕ್ಕು ಹಿಡಿದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

ಹಾಗಿದ್ದೂ ಗಾಡಿ ಚೆನ್ನಾಗಿಯೇ ನಿಲ್ಲುತ್ತಿತ್ತು. ಅದರ ಭಾರವೆಲ್ಲ ಹಿಂದಕ್ಕೇ. ಸವಾರ ಹಿಂದೆ ಸರಿದು ಕೂರುತ್ತಾನೆ, ಅವನ ಹಿಂದೆ ಕುಬ್ರಾ, ಆಕೆಯ ಹಿಂದೆ ಕಬ್ಬಿಣದ ಕ್ಯಾರಿಯರ್ ಮೇಲೆ ಬಳೆಯ ಪೆಟ್ಟಿಗೆ. ಹಿಂದಿನ ಟೈರು ನೆಲವನ್ನು ಒತ್ತಿ ಹಿಡಿದಿರುವಾಗ ಕಾಲಿನ ಬ್ರೇಕು ಬೇರೆ ಬೈಕುಗಳಲ್ಲಿ ಮಾಡದಷ್ಟು ಕೆಲಸ ಇಲ್ಲಿ ಮಾಡುತ್ತಿತ್ತು. ಅದರ ಮೇಲೆ ಹುಸೇನ್ ಸಾಬನ ಕಾಲು. ಎದುರಿಗೆ ಎಮ್ಮೆ ಕಂಡರೆ, ಅದು ರಸ್ತೆ ದಾಟಬೇಕೆಂದು ಇನ್ನೂ ಯೋಚಿಸುತ್ತಿರುವಾಗಲೇ ಅವನ ಪಾದ ಪೆಡಲಿನ ಮೇಲೆ ಇಳಿದಿರುತ್ತಿತ್ತು. ಕುಬ್ರಾ ಎಷ್ಟೋ ಸಲ ಅವನ ಬೆನ್ನಿಗೆ ಒರಗಿ ತೂಕಡಿಸಿ, ಗಾಡಿ ನಿಂತಿದ್ದು ತಿಳಿಯದೆ, ಹೆಂಗಸರು ನಗುವುದು ಕೇಳಿ ಕಣ್ಣು ತೆರೆದದ್ದಿತ್ತು.

ಮಲ್ಲಟದ ಹಳೆಯ ಗಿರಾಕಿ ದುರುಗಮ್ಮನ ಮನೆ ಮುಂದೆ ಅದು ತಪ್ಪಿತು.

ಅಂದು ಬೆಳಿಗ್ಗೆ ಸಂದಿಯಿಂದ ಒಂದು ಮೇಕೆಮರಿ ಜಿಗಿಯಿತು. ದೊಡ್ಡ ವೇಗವೇನೂ ಇರಲಿಲ್ಲ. ಹುಸೇನ್ ಸಾಬ್ ಕಾಲು ಒತ್ತಿದ. ಹಿಂದಿನ ಗಾಲಿ ತಿರುಗದೆ ಕಟ್ಟಿಕೊಂಡು ಕಿರುಗುಟ್ಟಿತು, ಗಾಡಿಯ ಬಾಲ ಪಕ್ಕಕ್ಕೆ ಹೊರಳಿತು, ಕುಬ್ರಾ ಅವನ ಅಂಗಿ ಹಿಡಿದುಕೊಂಡಳು. ಓರೆಯಾಗಿ ನಿಂತ ಗಾಡಿಯ ಪೆಟ್ಟಿಗೆಯೊಳಗಿಂದ, ಪಾತ್ರೆ ಅಂಗಡಿಗೆ ಹೋರಿ ನುಗ್ಗಿದಂಥ ಸದ್ದು ಬಂತು.

“ಏನಾತ್ರಿ?” ಎಂದಳು ಕುಬ್ರಾ.

“ಮರಳಿತ್ತು.”

ರಸ್ತೆಯಲ್ಲಿ ಮರಳಿರಲಿಲ್ಲ.

ದುರುಗಮ್ಮ ಕೈಯಲ್ಲಿ ಮೊರ ಹಿಡಿದೇ ಹೊರಗೆ ಬಂದಳು. ಅವಳ ಹಿಂದೆ ಮಗಳು ಕಲ್ಯಾಣಿ. ದೇವದುರ್ಗ ಠಾಣೆಯಲ್ಲಿ ಪೊಲೀಸು ಕೆಲಸ, ರಜೆಗೆ ಮನೆಗೆ ಬಂದಿದ್ದಳು. ತರಬೇತಿಯಲ್ಲಿ ಬೈಕು ಕಲಿತು ಈಗ ಹೊಸದಾಗಿ ಸೇರಿದ ಹುಡುಗಿಯರಿಗೆ ತಾನೇ ಕಲಿಸುತ್ತಿದ್ದಳು. ಅವಳ ಎಳೆಗೈಗೆ ಮೊದಲ ಬಳೆ ಏರಿಸಿದ್ದು ಇದೇ ಕುಬ್ರಾ ಬೇಗಂ.

ಕಲ್ಯಾಣಿ ಮನುಷ್ಯರನ್ನು ಮಾತಾಡಿಸುವ ಮೊದಲು ರಸ್ತೆ ನೋಡಿದಳು.

“ಚಾಚಾ, ನೆಲದಾಗ ಒಂದು ಕರಿ ಗೆರಿ ಬಿದ್ದದ.”

“ಎಷ್ಟು ಬೀಳಬೇಕಿತ್ತವ್ವ?”

“ಬೀಳಬಾರದಿತ್ತರಿ. ಹಿಂದಿನ ಗಾಲಿ ತಿರಗದ ಎಳಕೊಂಡು ಬಂದದ. ಮುಂದಿನ ಬ್ರೇಕ್ ಹಿಡೀಲಿಲ್ಲೇನು?”

“ಬಳಿ ಹೇರಿದ ಗಾಡಿಗಿ ಮುಂದಿನ ಬ್ರೇಕ್ ಮುಟ್ಟಂಗಿಲ್ಲವ್ವ. ನಮ್ಮಪ್ಪನ ಕಾಲದಿಂದ ಅದ ಆ ಮಾತು.”

“ನೋಡಿದೇನ ಕುಬ್ರಾ,” ಎಂದಳು ದುರುಗಮ್ಮ, “ದೇವದುರ್ಗದಾಗ ಎಲ್ಲಾರಿಗೂ ದಂಡ ಹಾಕಿ ಹಾಕಿ ಸಾಕಾಗಿ, ಮನಿಗಿ ಬಂದ ಬಳಿಗಾರನ್ನ ಹಿಡದಾಳ. ಬಿಡಬೇ, ಒಳಗ ಬರ್ರಿ, ಚಾ ಕುಡೀರಿ.”

ಒಡೆದ ಬಳೆಗಳನ್ನು ಆರಿಸಿ ತೆಗೆಯುತ್ತ ಕುಬ್ರಾ ಗಂಡನ ಮುಖ ನೋಡಲಿಲ್ಲ. ಅವನ ಪಾದ ನೋಡುತ್ತಿದ್ದಳು.

ಸಂಜೆ ಮಾನ್ವಿಯಲ್ಲಿ ಅವನು ಮನೆಯೊಳಗೆ ಬಂದಾಗ ಎಡಗಾಲಲ್ಲಿ ಚಪ್ಪಲಿ ಇತ್ತು, ಬಲಗಾಲಲ್ಲಿ ಇರಲಿಲ್ಲ. ಅದು ಎಲ್ಲಿ ಜಾರಿ ಬಿತ್ತೆಂಬುದು ಅವನಿಗೆ ಗೊತ್ತಿಲ್ಲ. ಬಿದ್ದಿದೆ ಎಂಬುದೇ ಗೊತ್ತಿಲ್ಲ. ಕುಬ್ರಾ ಅವನನ್ನು ಕೂರಿಸಿ ಪಾದ ಎತ್ತಿ ನೋಡಿದಳು. ಹಿಮ್ಮಡಿಯ ಪಕ್ಕ ಜಾಲಿಮುಳ್ಳೊಂದು ಮುರಿದು ಒಳಗೇ ಉಳಿದು ಸುತ್ತಲೂ ಕೆಂಪಾಗಿತ್ತು. ಆಕೆ ಸೂಜಿಯಿಂದ ಅದನ್ನು ತೆಗೆಯುವಾಗ ಅವನು ಟೀವಿ ನೋಡುತ್ತ ಕೂತಿದ್ದ.

ರಾಯಚೂರಿನಲ್ಲಿ ಬಳೆ ಅಂಗಡಿ ಇಟ್ಟ ಮಗ ಮುಷರ್ರಫ್ ಅಪ್ಪನನ್ನು ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ದ. ಸಕ್ಕರೆ ಕಾಯಿಲೆ ಕಾಲಿನ ನರ ತಿಂದಿತ್ತು. ಶಕ್ತಿ ಇದೆ, ಅರಿವು ಇಲ್ಲ ಎಂದರು ಡಾಕ್ಟರು. ಹೋದ ಅರಿವು ಮರಳಿ ಬರುವುದು ಕಷ್ಟ, ಇನ್ನು ಮೇಲೆ ಬೂಟು ಹಾಕಿ, ದಿನವೂ ಪಾದ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು.

“ಗಾಡಿ ನಕ್ಕೊ ಅಬ್ಬಾ,” ಎಂದ ಮುಷರ್ರಫ್ ಮನೆಗೆ ಬಂದವನೇ. ಬೇಡ ಎನ್ನುವ ಆ ಒಂದು ಮಾತನ್ನು ಅವನು ಮೂರು ನಾಲ್ಕು ಸಲ ಹೇಳಿದ. ಮೊದಲು ವಿನಂತಿಯಂತೆ, ಕೊನೆಗೆ ಅಪ್ಪಣೆಯಂತೆ. ಅಂಗಡಿಯಲ್ಲಿ ಬಂದು ಕೂರಿ, ಫ್ಯಾನಿದೆ, ಕುರ್ಚಿ ಇದೆ, ಹಳ್ಳಿ ಬಿಡಿ ಎಂದ.

“ಅಂಗಡ್ಯಾಗ ಕುಂತ್ರ ಕೈ ನಮ್ಮ ಹತ್ರ ಬರಬೇಕು,” ಎಂದ ಹುಸೇನ್ ಸಾಬ್, ಮನೆಯೊಳಗಿದ್ದೂ ದಾರಿಯ ಕನ್ನಡದಲ್ಲಿ. “ನಾವು ಕೈ ಇದ್ದಲ್ಲಿಗಿ ಹೋಗೋ ಮಂದಿ.”

ಮುಷರ್ರಫ್ ಕೀಲಿಯನ್ನು ಅಮ್ಮನ ಕೈಗೆ ಕೊಟ್ಟ. ಅಬ್ಬಾ ಕೇಳಿದರೆ ಕೊಡಬೇಡಿ, ಭತ್ತದ ಸುಗ್ಗಿ ಮುಗಿದ ಮೇಲೆ ಬಂದು ಗಾಡಿಯನ್ನು ರಾಯಚೂರಿಗೆ ಒಯ್ಯುತ್ತೇನೆ ಎಂದ. ಅವನದು ಕೆಟ್ಟ ಬುದ್ಧಿಯಲ್ಲ. ಆ ಗಾಡಿಯ ಹಿಂದಿನ ಸೀಟಿನಲ್ಲಿ ಕೂರುವವಳು ತನ್ನ ತಾಯಿ ಎಂಬುದು ಅವನ ಕಣ್ಣ ಮುಂದೆ ಇತ್ತು. ಕುಬ್ರಾ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹುಸೇನ್ ಸಾಬ್ ಕೇಳಲಿಲ್ಲ. ದಿನಾ ಬೆಳಿಗ್ಗೆ ಹೊರಗೆ ಹೋಗಿ ಗಾಡಿ ಒರೆಸಿ ಒಳಗೆ ಬರುತ್ತಿದ್ದ. ಕೇಳಿ ಜಗಳವಾಡಿದ್ದರೆ ಆಕೆಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಆಕೆ ಒಬ್ಬಳೇ ಬಸ್ಸಿನಲ್ಲಿ ದೇವದುರ್ಗದ ಸಂತೆಗೆ ಹೋದಳು. ಪುಣೆ ಕಡೆ ದುಡಿಯಲು ಹೊರಟ ಮಂದಿ, ಅವರ ಗಂಟುಮೂಟೆಗಳ ನಡುವೆ ಮಡಿಲಲ್ಲಿ ಬಳೆಯ ಪೆಟ್ಟಿಗೆ ಹಿಡಿದುಕೊಂಡು ಇಳಿಯುವಷ್ಟರಲ್ಲಿ ಗಾಜಿನ ಗತಿ ಏನಾಗಿದೆಯೆಂದು ತೆರೆದು ನೋಡುವ ಧೈರ್ಯವಾಗಲಿಲ್ಲ. ಬಸ್ ನಿಲ್ದಾಣದ ಹೊರಗೆ ಕಲ್ಯಾಣಿ ಡ್ಯೂಟಿಯಲ್ಲಿದ್ದಳು. ಕುಬ್ರಾ ನೇರವಾಗಿ ಹೋಗಿ ಕೇಳಿದಳು.

“ಯವ್ವಾ, ಆ ಕರಿ ಗೆರಿ ಬೀಳದಂಗ ನಿಲ್ಲಸೋದು, ಕಾಲಿಗಿ ಅರಿವಿಲ್ಲದಾವಗ ಕಲಸಾಕ ಬರ್ತದೇನು?”

ಕಲ್ಯಾಣಿ ಮೊದಲು, ಚಾಚಾಗೆ ಕಾಲಿನಿಂದ ಪೆಡಲು ಒತ್ತಲು ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ. ಎಷ್ಟು ಒತ್ತಿದೆನೆಂದು ತಿಳಿಯುತ್ತದೆಯೇ? ಇಲ್ಲ. ಎಡಗಾಲು? ಅದರಲ್ಲಿ ಇನ್ನೂ ಅರಿವಿದೆ, ಗೇರು ತಪ್ಪುವುದಿಲ್ಲ. ಬೆರಳು, ಕಣ್ಣು? ಸೂಜಿಗೆ ದಾರ ಪೋಣಿಸುತ್ತಾನೆ.

“ಹಂಗಿದ್ರ ಕಾಲಿನ ಕೆಲಸ ಕೈಗಿ ಕೊಡಬೇಕು ಚಾಚಿ. ಬಂದು ನೋಡ್ತೀನಿ. ಆಗಂಗಿಲ್ಲ ಅನಿಸ್ತಂದ್ರ ಆಗಂಗಿಲ್ಲ ಅಂತೀನಿ. ಆಗ ಸಿಟ್ಟಾಗಬಾರದು.”

“ನೀ ಆಗಂಗಿಲ್ಲ ಅಂದ್ರ ನಾನ ಕೀಲಿ ಬಾವ್ಯಾಗ ಒಗೀತೀನಿ,” ಎಂದಳು ಕುಬ್ರಾ.

ಕಲ್ಯಾಣಿ ಬಂದು ಹೇಳಿದ ಮೊದಲ ಕೆಲಸ ಮಾನ್ವಿಯ ಪೀರಾ ಸಾಬನ ಗ್ಯಾರೇಜಿನಲ್ಲಿ ನಡೆಯಿತು. ಅವನು ಮುಂದಿನ ಬ್ರೇಕು ಬಿಚ್ಚಿದ. ಒಳಗಿನ ಪಿಸ್ಟನ್ನು ಕಚ್ಚಿಕೊಂಡು ಕೂತಿತ್ತು. ಎಣ್ಣೆ ಕಪ್ಪು ಡಿಕಾಕ್ಷನ್ನಿನಂತೆ ಇಳಿಯಿತು.

“ಹುಸೇನ್ ಭಾಯಿ, ಇದು ಮದುವಿ ಮಾಡಕೊಂಡು ಮಾತಾಡಸದ ಬಿಟ್ಟ ಹೆಂಡ್ತಿ ಇದ್ದಂಗ ಅದ ನೋಡು. ತುಕ್ಕು ಹಿಡದದ.”

“ಅಂಥಾ ಹೆಂಡ್ತಿಗಿ ತುಕ್ಕು ಹಿಡಿಯಂಗಿಲ್ಲ ಪೀರಾ ಸಾಬ್,” ಎಂದಳು ಸ್ಟೂಲಿನ ಮೇಲೆ ಕೂತ ಕುಬ್ರಾ. “ಚೂಪಾಗ್ತಾಳ.”

ಎಲ್ಲ ತೊಳೆದು, ಹೊಸ ಎಣ್ಣೆ ತುಂಬಿ, ಡಿಸ್ಕು ಹೊಳೆಯುವವರೆಗೆ ತಿಕ್ಕಿದ ಮೇಲೆ ಕಲ್ಯಾಣಿ ಎರಡನೆಯ ಮಾತು ಹೇಳಿದಳು. ಹಿಂದಿನ ಬ್ರೇಕನ್ನು ಸಡಿಲ ಮಾಡಬೇಕು. ಚಾಚಾ ಮೈಮೇಲೆ ಎಚ್ಚರವಿಲ್ಲದೆ ಪೂರ್ತಿ ಒತ್ತಿದರೂ ಗಾಲಿ ನಿಧಾನವಾಗಬೇಕೇ ಹೊರತು ಕಟ್ಟಿಕೊಳ್ಳಬಾರದು. ಪೀರಾ ಸಾಬ್ ಸ್ಪಾನರು ಕೆಳಗಿಟ್ಟ. ಇಷ್ಟು ವರ್ಷದಲ್ಲಿ ಬ್ರೇಕ್ ಬಿಗಿ ಮಾಡು ಅಂದವರನ್ನು ಕಂಡಿದ್ದೇನೆ, ಸಡಿಲ ಮಾಡು ಅಂದ ಪೊಲೀಸರನ್ನು ಕಂಡಿಲ್ಲ ಎಂದ. ಆದರೂ ಮಾಡಿದ. ಹಿಂದಿನ ಗಾಲಿಯ ಸರಳಿನ ನಟ್ಟನ್ನು ಒಂದಿಷ್ಟು ತಿರುಗಿಸುವುದು, ಕಲ್ಯಾಣಿ ಒಬ್ಬಳೇ ಕೂತು ಒಂದು ಸುತ್ತು ಹೋಗಿ ಕಾಲು ಪೂರ್ತಿ ಒತ್ತಿ ನೋಡುವುದು, ಬಂದು ಇನ್ನೊಂದಿಷ್ಟು ಎನ್ನುವುದು. ಒಬ್ಬರೇ ಕೂತಾಗ ಕಟ್ಟಿಕೊಳ್ಳದಿದ್ದರೆ, ಹಿಂದೆ ಭಾರ ಬಿದ್ದಾಗ ಖಂಡಿತ ಕಟ್ಟಿಕೊಳ್ಳುವುದಿಲ್ಲ ಎಂಬುದು ಅವಳ ಲೆಕ್ಕ.

ಹುಸೇನ್ ಸಾಬ್ ಇದನ್ನೆಲ್ಲ ನೋಡುತ್ತಿದ್ದ. ಬಾಳಿನುದ್ದಕ್ಕೂ ನಂಬಿದ್ದನ್ನು ಸಡಿಲಿಸಿ, ಮುಟ್ಟದೆ ಬಿಟ್ಟಿದ್ದನ್ನು ಬಿಗಿ ಮಾಡಿ ಅವನ ಕೈಗೆ ಕೊಡುತ್ತಿದ್ದರು.

ಊರ ಹೊರಗಿನ ಅಕ್ಕಿ ಗಿರಣಿಯಲ್ಲಿ ಭತ್ತ ಒಣಗಿಸುವ ಸಿಮೆಂಟಿನ ಕಣವಿತ್ತು. ಹೊಸ ಭತ್ತ ಬರುವ ಮೊದಲು ಅದು ಖಾಲಿ. ಕಲ್ಯಾಣಿ ಬಿಡುವಿದ್ದಾಗ ಸಂಜೆ ಬಂದು ಅಲ್ಲಿ ಕಲಿಸಿದಳು.

“ಚಾಚಾ, ಸೈಕಲ್ ಗಿಡ್ಡ, ಎತ್ತರ. ಮುಂದಿನ ಗಾಲಿ ಗಪ್ನ ಹಿಡದ್ರ ಮ್ಯಾಲ ಕುಂತಾವ ಹಾರಿ ಬೀಳತಾನ. ಇದು ಎಮ್ಮಿ ಇದ್ದಂಗ, ಉದ್ದ ಅದ, ನೆಲಕ್ಕ ಹತ್ತಿ ಕುಂತದ. ಎಮ್ಮಿ ಎಂದಾರ ಲಾಗಾ ಹೊಡದದ್ದು ನೋಡೀರೇನು?”

“ಇಲ್ಲವ್ವ.”

“ನನ್ನ ಬೈಕಿನಾಗ ಹಿಂದಿನ ಬ್ರೇಕ್ ಬರೇ ಹೆಸರಿಗಿ. ನಿಮ್ಮದರಾಗ ಅದು ಅರ್ಧ ಜೀವ, ಅದಕ್ಕ ಇಷ್ಟು ದಿನ ನಡದದ. ಆದ್ರ ಇನ್ನರ್ಧ ಮುಂದ ಅದ. ಅದೂ ದೊಡ್ಡ ಅರ್ಧ. ಗಾಡಿ ನಿಲ್ಲೋ ಮುಂದ ಭಾರ ಎಲ್ಲಾ ಮುಂದಿನ ಗಾಲಿಗಿ ಹೋಗ್ತದ. ಅದು ನೆಲ ಕಚ್ಚಿ ಹಿಡೀತದ. ಹ್ಯಾಂಡಲ್ ನೆಟ್ಟಗ ಇಟ್ಟು ಹಿಡೀರಿ.”

ಹೇಳಿದ್ದು ತಲೆಗೆ ಹೋಯಿತು, ಬೆರಳಿಗೆ ಹೋಗಲಿಲ್ಲ. ಮೊದಲ ಸಲ ಅವನು ಲಿವರನ್ನು ಮುಟ್ಟಲೇ ಇಲ್ಲ. ಗಾಡಿ ಸಡಿಲ ಬ್ರೇಕಿನ ಮೇಲೆ ಕಣದ ಗೋಡೆಯವರೆಗೂ ಹೋಯಿತು. ಎರಡನೆಯ ಸಲ ಮುಷ್ಟಿಯೆಲ್ಲ ಸೇರಿಸಿ ಹಿಂಡಿದ. ಗಾಡಿಯ ಮೂತಿ ಧಡ್ಡನೆ ಕುಸಿದು, ಅವನ ಹೊಟ್ಟೆ ಟ್ಯಾಂಕಿಗೆ ಬಡಿಯಿತು. ಮೂರನೆಯ ಸಂಜೆಯೂ ಹಾಗೇ. ಒಂದೋ ಏನೂ ಇಲ್ಲ, ಇಲ್ಲವೇ ಎಲ್ಲವೂ ಒಮ್ಮೆಲೇ. ಅವನು ಗಾಡಿ ನಿಲ್ಲಿಸಿ ಇಳಿದು, ಕಣದ ಅಂಚಿಗೆ ಕೂತು, ಬೂಟಿನೊಳಗಿನ ಕಾಲನ್ನೇ ನೋಡುತ್ತ, “ಮುಷರ್ರಫ್ ಹೇಳಿದ್ದು ಖರೆ ಅದ ಬಿಡವ್ವ,” ಎಂದ.

ಕುಬ್ರಾ ಎದ್ದು ಬಂದು ಗಂಡನ ಪಕ್ಕ ಕೂತಳು. ಅವನ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು, ಬಳೆ ಇಡುವಾಗ ಹೆಂಗಸರ ಕೈ ಹಿಡಿಯುವಂತೆ.

“ನನಗ ಬಳಿ ಇಡಾಕ ಕಲಸಿದ್ದು ಯಾರ್ರಿ?”

“ನಮ್ಮವ್ವ.”

“ನಿಮ್ಮವ್ವ ತೋರಿಸಿದ್ಲು, ಕಲಸಿದ್ದು ನೀವು. ಬಿಗಿ ಕೈಗಿ ಬಳಿ ಹೆಂಗ ಏರಸಬೇಕು? ಹೇಳ್ರಿ.”

“ಮೊದಲ ಮೆತ್ತಗ ಒತ್ತಬೇಕು. ಕೈ ಬಿಗೀತದ. ಬಿಗಿದಾಗ ದೂಡಬಾರದು, ಹಂಗ ಹಿಡದಿರಬೇಕು. ಕೈ ಒಪ್ಪತದ. ಒಪ್ಪಿದ ಮ್ಯಾಲ ಒತ್ತಬೇಕು, ಎಷ್ಟರ ಒತ್ತು, ಬಳಿ ಒಡಿಯಂಗಿಲ್ಲ.”

“ಕೈ ಒಪ್ಪಿದ್ದು ಹೆಂಗ ತಿಳೀತದ?”

“ಗೆಣ್ಣು ಕುಸೀತದ.”

ಕುಬ್ರಾ ಗಾಡಿಯ ಮುಂದಿನ ಕಾಲುಗಳ ಕಡೆ, ಆ ಎರಡು ಉದ್ದನೆಯ ಕೊಳವೆಗಳ ಕಡೆ ಗದ್ದ ಚಾಚಿದಳು. “ಅದಕ್ಕೂ ಗೆಣ್ಣು ಅದಾವಲ್ಲ.”

ಹುಸೇನ್ ಸಾಬ್ ಎದ್ದ. ಕುಬ್ರಾ ಈ ಸಲ ನೆಲದ ಮೇಲೆ ನಿಲ್ಲಲಿಲ್ಲ. ಬಳೆಯ ಮಲಾರವೊಂದನ್ನು ಮಡಿಲಲ್ಲಿಟ್ಟುಕೊಂಡು ಅವನ ಹಿಂದೆ ಕೂತಳು. ಕಲ್ಯಾಣಿ ಬೇಡವೆನ್ನಲು ಬಾಯಿ ತೆರೆದವಳು ಆಕೆಯ ಮುಖ ನೋಡಿ ಪಕ್ಕಕ್ಕೆ ಸರಿದಳು. ಗಾಡಿ ಕಣದ ಆ ತುದಿಯಿಂದ ಬಂತು. ಅವನು ಎರಡು ಬೆರಳಲ್ಲಿ ಲಿವರನ್ನು ಮೆತ್ತಗೆ ಒತ್ತಿ ಹಿಡಿದ. ಮುಂದಿನ ಕೊಳವೆಗಳು ಬಿಗಿದವು, ಅವನು ಹಾಗೇ ಹಿಡಿದಿದ್ದ, ಕೊಳವೆಗಳು ನಿಧಾನ ಕುಸಿದವು, ಎಮ್ಮೆ ನೀರಿಗೆ ಮೂತಿ ಇಟ್ಟ ಹಾಗೆ. ಆಗ ಅವನು ಒತ್ತಿದ. ಮಡಿಲಿನ ಬಳೆಗಳು ಒಂದೇ ಸಲ, ಎಲ್ಲ ಒಟ್ಟಿಗೆ, ಮುಂದಕ್ಕೆ ಸರಿದು ನಿಂತವು. ಕಿಣಿ ಎನ್ನಲಿಲ್ಲ. ಗಾಡಿ ಗೋಡೆಯಿಂದ ಬಹಳ ದೂರದಲ್ಲಿತ್ತು.

“ಆತು?” ಎಂದು ಕೇಳಿದ, ತಿರುಗದೆ.

“ಆತು. ಇನ್ನೊಮ್ಮಿ.”

ಕಲ್ಯಾಣಿ ಕಣದ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದಳು. ತರಬೇತಿಯಲ್ಲಿ ಅವಳಿಗೆ ಇದನ್ನು ಕಲಿಸಿದವರು ಯಾರೂ ಹೀಗೆ ಹೇಳಿರಲಿಲ್ಲ. ಮುಂದಿನ ಬ್ಯಾಚಿನ ಹುಡುಗಿಯರಿಗೆ ಹೀಗೇ ಹೇಳಬೇಕು ಎಂದುಕೊಂಡಳು. ಅವರಿಗಾದರೂ ಬಳೆ ಇಟ್ಟುಕೊಂಡದ್ದು ನೆನಪಿರುತ್ತದೆ.

ಅಲ್ಲಿಂದ ಕಲಿಕೆ ನಿಲ್ಲಲಿಲ್ಲ. ಅವನು ಅದನ್ನು ವ್ಯಾಪಾರ ಕಲಿಯುವವನಂತೆ ಕಲಿತ. ಒಂದೇ ಕೆಲಸವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಮಾಡಿದ. ಕಾಲಿನ ಬ್ರೇಕನ್ನು ಅವನು ಬಿಡಲಿಲ್ಲ, ಅದು ಹಿಂದಿನಿಂದ ಗಾಡಿಯ ನಡು ಹಿಡಿದು ನೆಟ್ಟಗೆ ಇಡುತ್ತಿತ್ತು. ನಿಲ್ಲಿಸುವ ಕೆಲಸ ಮಾತ್ರ ಬೆರಳಿನದಾಯಿತು. ಕಲ್ಯಾಣಿ ಕಣದ ಒಂದು ಮೂಲೆಯಲ್ಲಿ ಹಿಡಿ ಭತ್ತ ಚೆಲ್ಲಿ, ಅಲ್ಲಿ ನಿಧಾನವಾಗಿ ಹೋಗಿ ಮುಂದಿನದು ಹಿಡಿಯಿರಿ ಎಂದಳು. ಮುಂದಿನ ಗಾಲಿ ಕಾಳಿನ ಮೇಲೆ ಸರ್ರನೆ ಜಾರಿತು. ಅವಳು ಪಕ್ಕದಲ್ಲೇ ಓಡುತ್ತ ಹ್ಯಾಂಡಲ್ಲು ಹಿಡಿದುಕೊಂಡಳು. “ಇದು ಒಂದು ನೆನಪಿಡ್ರಿ. ಉಳದದ್ದು ಎಲ್ಲಾ ಬರ್ತದ, ಕಾಳಿನ ಮ್ಯಾಲ ಮುಂದಿನದು ಹಿಡಿಯಾಕ ಬರಂಗಿಲ್ಲ.” ಹುಸೇನ್ ಸಾಬ್ ಬಗ್ಗಿ ಆ ಭತ್ತದ ಕಾಳುಗಳನ್ನು ಬೆರಳಿನಿಂದ ಉರುಳಿಸಿ ನೋಡಿದ.

ಸುಗ್ಗಿ ಮುಗಿಯುತ್ತ ಬಂದಾಗ ಮುಷರ್ರಫ್ ಬಂದ. ಅಂದೇ ಚೀಕಲಪರ್ವಿಯ ಮದುವೆ ಮನೆಯೊಂದರಿಂದ ಬಳೆಗೆ ಹೇಳಿ ಕಳಿಸಿದ್ದರು. ಕುಬ್ರಾ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ಗಂಡನಿಗೆ ಕೊಟ್ಟಳು, ಮಗನಿಗಲ್ಲ.

“ಅವರ ಹಿಂದೆ ನೀನು ಕೂಡು,” ಎಂದಳು ಮಗನಿಗೆ ದಖ್ಖನಿಯಲ್ಲಿ. “ಚೀಕಲಪರ್ವಿಗೆ ಹೋಗಿ ಬಾ. ಆಮೇಲೂ ಒಯ್ಯಬೇಕು ಅನಿಸಿದರೆ ನಾನೇ ತಳ್ಳಿ ಕೊಡುತ್ತೇನೆ.”

ಮುಷರ್ರಫ್ ಒಪ್ಪಿದ. ಅವನ ಮುಖ ಮಾತ್ರ ಒಪ್ಪಿರಲಿಲ್ಲ.

ಕುಬ್ರಾ, ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದಿದ್ದ ಕಲ್ಯಾಣಿಯ ಬೈಕಿನ ಹಿಂದೆ ಕೂತಳು. ಅದು ಎತ್ತರ, ಮೊಣಕಾಲು ನೋಯುತ್ತಿತ್ತು. ಆದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಆಕೆ ಅದನ್ನು ಮರೆತಳು. ಇಷ್ಟು ವರ್ಷ ಗಂಡನ ಬೆನ್ನಿಗಂಟಿ ಕೂತವಳು, ಅವನು ಗಾಡಿ ನಡೆಸುವುದನ್ನು ದೂರದಿಂದ ನೋಡಿದ್ದೇ ಇಲ್ಲ. ನೆಟ್ಟಗೆ ಕೂರುತ್ತಾನೆ, ಭುಜ ಸಡಿಲ, ಬೆನ್ನಿನ ಮೇಲೆ ಬಿಸಿಲು. ಕಾಲುವೆ ನೀರು ಉಂಡ ಗದ್ದೆಗಳ ನಡುವೆ ಆ ಉದ್ದನೆಯ ಗಾಡಿ ಸದ್ದಿಲ್ಲದ ಹೊಳೆಯಂತೆ ಹೋಗುತ್ತಿತ್ತು. ಅದರ ಹಿಂದಿನ ಕೆಂಪು ದೀಪ ಆಗಾಗ ಹತ್ತಿ ಆರುತ್ತಿತ್ತು. ಆ ದೀಪವನ್ನೂ ಆಕೆ ಇವತ್ತೇ ನೋಡುತ್ತಿರುವುದು.

ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಗದ್ದೆಯ ದಾರಿಯಿಂದ ಹಾರ್ನಿಲ್ಲದೆ ರಸ್ತೆಗೆ ಏರಿತು. ಕಲ್ಯಾಣಿಯ ಬೆನ್ನು ಬಿಗಿಯಿತು. ಮುಂದೆ ಕೆಂಪು ದೀಪ ಹತ್ತಿತು. ಆರಾಮಕುರ್ಚಿ ಮೂತಿ ತಗ್ಗಿಸಿತು, ಹಿಂಭಾಗ ಅಲ್ಲಾಡದೆ ನೆಟ್ಟಗೆ ಬಂತು, ಟ್ರ್ಯಾಕ್ಟರಿನ ಹುಲ್ಲಿನ ಎಸಳು ಮುಟ್ಟುವುದಕ್ಕೂ ಮೊದಲೇ ನಿಂತಿತು. ಮುಷರ್ರಫನ ಹೆಲ್ಮೆಟ್ಟು ಅಪ್ಪನ ಹೆಲ್ಮೆಟ್ಟಿಗೆ ಟಕ್ ಎಂದಿತು, ಅಷ್ಟೇ.

“ರಸ್ತೆ ನೋಡ್ರಿ ಚಾಚಿ,” ಎಂದಳು ಕಲ್ಯಾಣಿ ಹತ್ತಿರ ಬಂದು ನಿಲ್ಲಿಸುತ್ತ.

ಡಾಂಬರಿನ ಮೇಲೆ ಗೆರೆ ಇರಲಿಲ್ಲ.

ಮುಷರ್ರಫ್ ಟ್ರ್ಯಾಕ್ಟರಿನವನಿಗೆ ಎರಡು ಮಾತು ಬೈದ. ಒಂದು ಸಲ ನಿಂತರೆ ಅದೃಷ್ಟ ಎಂದುಕೊಂಡಿದ್ದನೋ ಏನೋ.

ಊರು ಹತ್ತಿರವಾಗುತ್ತಿದ್ದಂತೆ ರಸ್ತೆಯ ಮೇಲೆ ಭತ್ತ ಶುರುವಾಯಿತು. ಅಲ್ಲಿ ಸುಗ್ಗಿಯಲ್ಲಿ ಡಾಂಬರಿಗಿಂತ ಒಳ್ಳೆಯ ಕಣವಿಲ್ಲ. ಅರ್ಧ ರಸ್ತೆಗೆ ಕಲ್ಲಿಟ್ಟು ಭತ್ತ ಹರವಿದ್ದರು, ಉಳಿದರ್ಧಕ್ಕೂ ಗಾಡಿಗಳ ಟೈರು ಕಾಳು ಎಳೆದು ತಂದು ಹರಡಿದ್ದವು. ಹುಸೇನ್ ಸಾಬ್ ದೂರದಲ್ಲೇ ಗೇರು ಒಂದೊಂದಾಗಿ ಇಳಿಸಿದ. ಇಂಜಿನ್ನೇ ಗಾಡಿಯನ್ನು ಹಿಡಿದು ಹಿಂದಕ್ಕೆಳೆಯಿತು. ಭತ್ತ ಇನ್ನೂ ಮುಂದಿರುವಾಗಲೇ, ಒಣ ಡಾಂಬರಿನ ಮೇಲೆ ನಿಲ್ಲಿಸಿ ಎರಡೂ ಕಾಲು ನೆಲಕ್ಕೆ ಇಟ್ಟ.

“ಇಳಿ,” ಎಂದ ಮಗನಿಗೆ.

“ಯಾಕ ಅಬ್ಬಾ? ಎಲ್ಲಾ ಗಾಡಿ ಹೋಗಾಕತ್ತಾವಲ್ಲ.”

“ಕಾಳಿನ ಮ್ಯಾಲ ಮುಂದಿನದು ಹಿಡದ್ರ ಜಾರತದ. ಹಿಂದಿನದನ್ನ ಹಗೂರ ಹಿಡೀಬೇಕು. ಹಗೂರ ಹಿಡಿಯಾಕ ಕಾಲು ಬೇಕು. ಆ ಕಾಲು ನನಗ ಇಲ್ಲ.” ಹವಾಮಾನ ಹೇಳುವವನಂತೆ ಹೇಳಿದ. “ಈ ತುಕಡಾ ನೀ ನಡಸು. ನಾ ನಡಕೊಂಡು ಬರ್ತೀನಿ.”

ಹಿಂದಿನ ಬೈಕಿನ ಮೇಲೆ ಕೂತಿದ್ದ ಕುಬ್ರಾಳ ಕೈ ಕಲ್ಯಾಣಿಯ ಭುಜದ ಮೇಲಿತ್ತು. ಆ ಕೈ ಬಿಗಿಯಾದದ್ದನ್ನು ಕಲ್ಯಾಣಿ ಅರಿತಳು. ಮಗನ ಮುಂದೆ, ಗಾಡಿ ಉಳಿಸಿಕೊಳ್ಳಬೇಕಾದ ದಿನವೇ, ನನ್ನಿಂದಾಗದು ಎಂದು ಇಳಿದ ಮನುಷ್ಯನನ್ನು ಇಬ್ಬರೂ ನೋಡುತ್ತಿದ್ದರು.

ಮುಷರ್ರಫ್ ರಾಯಚೂರಿನ ಗಲ್ಲಿಗಳಲ್ಲಿ ಸ್ಕೂಟರು ಓಡಿಸುವವನು. ಆರಾಮಕುರ್ಚಿಯ ಮೇಲೆ ಕೂತು, ಪೆಡಲು ಎಲ್ಲಿದೆಯೆಂದು ಕಾಲಿನಲ್ಲಿ ತಡಕಾಡಿ, ಭತ್ತಕ್ಕಿಳಿದ. ಕಾಳು ಟೈರಿನಡಿ ಉರುಳಿತು. ಗಾಡಿಯ ಬಾಲ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೋಯಿತು. ಅವನು ಎರಡೂ ಕಾಲು ಕೆಳಗೆ ಬಿಟ್ಟು ಬಾತುಕೋಳಿಯಂತೆ ದೂಡುತ್ತ ಸಾಗಿದ. ಪೆಟ್ಟಿಗೆಯೊಳಗೆ ಬಳೆ ಗಲಗಲ ಎಂದವು. ಹುಸೇನ್ ಸಾಬ್ ಭತ್ತ ತುಳಿಯದಂತೆ ರಸ್ತೆಯಂಚಿನಲ್ಲಿ ನಡೆದ. ಭತ್ತ ಕೈಯಾಡಿಸುತ್ತಿದ್ದ ಹೆಂಗಸು ತಲೆ ಎತ್ತಿದಳು.

“ಏನ್ರಿ ಸಾಬ್ರ, ಮಗನ್ನ ಮೆರವಣಿಗಿ ಮಾಡಿ ನೀವು ನಡಕೊಂಡು ಹೊಂಟೀರಿ?”

“ನಿನ್ನ ಭತ್ತದ ಮ್ಯಾಲ ನನಗ ನಂಬಿಕಿ ಇಲ್ಲವ್ವ.”

“ನಂಬಬ್ಯಾಡ್ರಿ. ನಿನ್ನೆ ಇಬ್ಬರು ಬಿದ್ದಾರ,” ಎಂದು ಅವಳು ಮತ್ತೆ ಕೈಯಾಡಿಸತೊಡಗಿದಳು.

ಆ ತುದಿಯಲ್ಲಿ ಮುಷರ್ರಫ್ ಗಾಡಿ ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಇಂಜಿನ್ ನಡೆಯುತ್ತಲೇ ಇತ್ತು. ಅಪ್ಪ ನಿಧಾನವಾಗಿ ನಡೆದು ಬರುವುದನ್ನು, ಪ್ರತಿ ಹೆಜ್ಜೆಗೂ ಬಲ ಬೂಟನ್ನು ಕಣ್ಣಿನಿಂದ ನೋಡಿ ಇಡುವುದನ್ನು ಅವನು ನೋಡಿದ. ಅಪ್ಪ ಹತ್ತಿರ ಬರುವಷ್ಟರಲ್ಲಿ, ಇಳಿಯದೆ, ಸೀಟಿನ ಮೇಲೇ ಹಿಂದಕ್ಕೆ ಸರಿದು ಕೂತ. ಮುಂದಿನ ಜಾಗ ಖಾಲಿಯಾಯಿತು. ಹುಸೇನ್ ಸಾಬ್ ಹ್ಯಾಂಡಲ್ಲು ಹಿಡಿದು ಅಲ್ಲಿ ಕೂತ.

ಕಲ್ಯಾಣಿಯ ಬೈಕು ಬಂದು ನಿಂತಿತು. ಕುಬ್ರಾ ಮೊಣಕಾಲು ಹಿಡಿದುಕೊಂಡು ಇಳಿದು ಮಗನ ಹತ್ತಿರ ಬಂದಳು.

“ಇಳೀ. ಅದು ನನ್ನ ಜಾಗ.”

“ಅಮ್ಮಿ, ನಾ ಎಲ್ಲಿ ಕೂಡ್ಲಿ?”

ಆಕೆ ಕಲ್ಯಾಣಿಯ ಬೈಕಿನ ಕಡೆ ತೋರಿಸಿದಳು. ಮುಷರ್ರಫ್ ದನಿ ತಗ್ಗಿಸಿದ. “ಪೊಲೀಸರ ಹಿಂದ ಕೂತು ಊರಾಗ ಹೋದ್ರ ಜನ ಏನಂತಾರ?”

“ಹಿಡಕೊಂಡು ಬಂದಾರ ಅಂತಾರ,” ಎಂದಳು ಕಲ್ಯಾಣಿ. “ಕೂಡ್ರಿ ಅಣ್ಣಾ, ಬಿಡಿಸ್ತೀನಿ.”

ಅವನು ಕೂತ. ಮುಂದೆ ಆರಾಮಕುರ್ಚಿ ಹೊರಟಿತು. ಕುಬ್ರಾ ಗಂಡನ ಬೆನ್ನಿಗೆ ಒರಗಿದ್ದಳು, ಆಕೆಯ ಹಿಂದೆ ಪೆಟ್ಟಿಗೆ. ಹೊಳೆಯ ಕಡೆಗೆ ರಸ್ತೆ ಇಳಿಯುವ, ಹಿಂದೆ ಹುಸೇನ್ ಸಾಬನ ತಂದೆಯ ಸೈಕಲ್ಲು ಮಗುಚಿದ ಜಾಗ ಇನ್ನೂ ದೂರವಿರುವಾಗಲೇ ಕೆಂಪು ದೀಪ ಹತ್ತಿತು.

“ಇಷ್ಟು ಲಗೂನ ಹಿಡದ್ರಲ್ಲ,” ಎಂದ ಮುಷರ್ರಫ್.

“ಹಂಗ ಹಿಡೀಬೇಕು,” ಎಂದಳು ಕಲ್ಯಾಣಿ, ತಾನೂ ಹಿಡಿಯುತ್ತ.